ಅಡುಗೆಯೂ ಕಾಯಕ, ಅದು ಎಲ್ಲರ ಕಾಯಕ



ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆ ನಡೆಯುವಾಗ ತೇರಿನಷ್ಟೇ ಹೆಸರಾದ ಇನ್ನೊಂದು ಸಂಗತಿಯಿದೆ. ಅದು ರೊಟ್ಟಿ ಜಾತ್ರೆ. ಜೋಳದ ರೊಟ್ಟಿ, ಅದರ ಮೇಲೆ ಕರಿಂಡಿ, ಪಲ್ಯ. ಉಣ್ಣುವವರ ಸಾಲಿನಲ್ಲಿ ಜಾತಿ ಕೇಳುವವರಿಲ್ಲ, ಧರ್ಮ ಕೇಳುವವರಿಲ್ಲ. ಲಿಂಗೈಕ್ಯ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಆಶಯದಲ್ಲಿ ಬೆಳೆದುಬಂದ ಈ ಪದ್ಧತಿ ಬಸವಾದಿ ಶರಣರ ಸಹಪಂಕ್ತಿಯ ಮಾತನ್ನು ಭಾಷಣದಿಂದ ಇಳಿಸಿ ಅಂಗೈಗೆ ತಂದಿತು. ಕೊಪ್ಪಳದ ಗವಿಮಠದ ಜಾತ್ರೆಯಲ್ಲೂ ಹೀಗೆಯೇ. ಸುತ್ತಲಿನ ಹಳ್ಳಿಗಳ ತಾಯಂದಿರು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿಯುತ್ತಾರೆ. ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಠದ ದಾಸೋಹಕ್ಕೆ ಬಂದು ಸೇರುತ್ತದೆ. ಒಂದು ರೊಟ್ಟಿಯೂ ಕಾರ್ಖಾನೆಯಿಂದ ಬಂದದ್ದಲ್ಲ. ಪ್ರತಿಯೊಂದರ ಮೇಲೂ ಯಾರದೋ ಬೆರಳಿನ ಗುರುತಿದೆ.

ಜಾತ್ರೆಯ ದಿನಗಳಲ್ಲಿ ನಾವು ಹೀಗೆ ಉಣ್ಣುತ್ತೇವೆ, ಉಣಿಸುತ್ತೇವೆ. ಉಳಿದ ದಿನಗಳಲ್ಲಿ ಏನು ಉಣ್ಣುತ್ತಿದ್ದೇವೆ? ಈ ಸಂಚಿಕೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಜೋಳ ಬೆಳೆಯುವ ಊರಿನಲ್ಲೇ ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಐದು, ಹತ್ತು ರೂಪಾಯಿಯ ಪಾಕೀಟುಗಳನ್ನು ನೋಡಿರಿ. ಶಾಲೆಗೆ ಹೋಗುವ ಮಗುವಿನ ಡಬ್ಬಿಯಲ್ಲಿ ನೂಡಲ್ಸ್ ಇದೆ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಬಿಸ್ಕತ್ತು ಬಂದಿದೆ. ಸಂಜೆ ಹಸಿದು ಬಂದವರಿಗೆ ಎಣ್ಣೆಯಲ್ಲಿ ಕರಿದು ಉಪ್ಪು ಹಚ್ಚಿದ ಕುರುಕಲು. ಮನೆಯಲ್ಲಿ ಅಕ್ಕಿಯಿದೆ, ಬೇಳೆಯಿದೆ, ಜೋಳದ ಚೀಲ ಮೂಲೆಯಲ್ಲಿದೆ. ಆದರೆ ಒಲೆ ಹಚ್ಚುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ನಗರದಲ್ಲಂತೂ ಬಿಸಿನೀರು ಸುರಿದರೆ ಉಪ್ಪಿಟ್ಟು, ಕತ್ತರಿಸಿ ಬಿಸಿಮಾಡಿದರೆ ಪಲಾವು, ಫೋನು ಒತ್ತಿದರೆ ಬಾಗಿಲಿಗೆ ಊಟ. ಇದು ಬರೀ ರುಚಿಯ ಪ್ರಶ್ನೆಯಾಗಿದ್ದರೆ ಸಂಪಾದಕೀಯ ಬರೆಯುವ ಅಗತ್ಯವಿರಲಿಲ್ಲ. ಊಟ ತನ್ನಿಚ್ಛೆ ಎಂದು ಸುಮ್ಮನಿರಬಹುದಿತ್ತು. ಆದರೆ ಇದು ಆರೋಗ್ಯದ ಪ್ರಶ್ನೆ, ರೈತನ ಪ್ರಶ್ನೆ, ಹೆಣ್ಣಿನ ಬೆನ್ನಿನ ಮೇಲಿನ ಹೊರೆಯ ಪ್ರಶ್ನೆ. ಕೊನೆಗೆ, ನಾವು ಪ್ರಸಾದವೆಂದು ಕರೆಯುವುದು ಯಾವುದನ್ನು ಎಂಬ ಪ್ರಶ್ನೆಯೂ ಹೌದು.

ಮೊದಲು ಪಾಕೀಟಿನ ಬೆನ್ನು ಓದುವುದನ್ನು ಕಲಿಯೋಣ. ಮುಂಭಾಗದ ಚಿತ್ರವನ್ನು ಎಲ್ಲರೂ ನೋಡುತ್ತೇವೆ, ಹಿಂಭಾಗದ ಸಣ್ಣಕ್ಷರವನ್ನು ಯಾರೂ ಓದುವುದಿಲ್ಲ. ಕಾನೂನಿನ ಪ್ರಕಾರ ಯಾವ ಪದಾರ್ಥ ಹೆಚ್ಚು ತೂಕದಲ್ಲಿದೆಯೋ ಅದರ ಹೆಸರು ಮೊದಲು ಬರಬೇಕು. ಹೆಚ್ಚಿನ ಬಿಸ್ಕತ್ತು, ನೂಡಲ್ಸುಗಳಲ್ಲಿ ಮೊದಲು ಬರುವುದು ಮೈದಾ. ಅದರ ಹಿಂದೆ ಸಕ್ಕರೆಯೋ ತಾಳೆ ಎಣ್ಣೆಯೋ ಇರುತ್ತದೆ. 'ರಾಗಿ', 'ಸಿರಿಧಾನ್ಯ' ಎಂದು ಮುಂದೆ ದೊಡ್ಡದಾಗಿ ಬರೆದ ಪಾಕೀಟಿನಲ್ಲೂ ರಾಗಿ ಎಷ್ಟನೆಯ ಸ್ಥಾನದಲ್ಲಿದೆ, ಶೇಕಡಾ ಎಷ್ಟಿದೆ ಎಂದು ಒಮ್ಮೆ ನೋಡಿರಿ. ಉಪ್ಪಿನ ಲೆಕ್ಕವೂ ಅಲ್ಲೇ ಇದೆ, ಆದರೆ ಸೋಡಿಯಂ ಎಂಬ ಹೆಸರಿನಲ್ಲಿ. ಸೋಡಿಯಂನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಪಾಕೀಟಿನಲ್ಲಿ 1000 ಮಿಲಿಗ್ರಾಂ ಸೋಡಿಯಂ ಇದ್ದರೆ ದಿನದ ಮಿತಿಯ ಅರ್ಧ ಅಲ್ಲಿಗೇ ಮುಗಿಯಿತು. ಅದನ್ನು ತಿಂದದ್ದು ಎಂಟು ವರ್ಷದ ಮಗುವಾದರೆ, ಸಂಜೆಯ ಒಂದು ತಿಂಡಿಯಷ್ಟೇ ಆದರೆ, ಉಳಿದ ಊಟದ ಉಪ್ಪನ್ನು ಎಲ್ಲಿ ಲೆಕ್ಕ ಹಿಡಿಯುವುದು?

ಇದು ಅತಿ ಭಯವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ 17 ಸೂತ್ರಗಳ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ರಷ್ಟಕ್ಕೆ ದೋಷಯುಕ್ತ ಆಹಾರಕ್ರಮ ಕಾರಣ ಎಂಬ ಅಂದಾಜನ್ನು ಆ ಸಂದರ್ಭದಲ್ಲಿ ಮುಂದಿಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆ ಎಂಬ ಮಾತು ಇಂದು ಹಳ್ಳಿಯ ಔಷಧಿ ಅಂಗಡಿಯಲ್ಲೇ ಸುಳ್ಳಾಗಿದೆ. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಒಂದೇ ಮನೆಯಲ್ಲಿ ಅಜ್ಜನಿಗೆ ಸಕ್ಕರೆ ಕಾಯಿಲೆ, ಮೊಮ್ಮಗಳಿಗೆ ರಕ್ತಹೀನತೆ. ಹೊಟ್ಟೆ ತುಂಬುತ್ತಿದೆ, ಮೈ ತುಂಬುತ್ತಿಲ್ಲ.

ಇದಕ್ಕೆ ಬೇಕಾದದ್ದು ಬಹಳಷ್ಟು ನಮ್ಮ ಹೊಲದಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಬಿಳಿಜೋಳದಲ್ಲಿ ನಾರಿದೆ, ಸಜ್ಜೆಯಲ್ಲಿ ಕಬ್ಬಿಣದಂಶವಿದೆ. ಕಲಬುರಗಿಯ ತೊಗರಿಬೇಳೆ, ಬ್ಯಾಡಗಿಯ ಮೆಣಸಿನಕಾಯಿ ಭೌಗೋಳಿಕ ಗುರುತು ಪಡೆದು ನಾಡಿನಾಚೆಗೂ ಹೆಸರಾಗಿವೆ. ಪುಂಡಿ, ರಾಜಗಿರಿ, ಹಕ್ಕರಕಿ, ಮೆಂತ್ಯೆ ಸೊಪ್ಪು ಹೊಲದ ಬದುವಿನಲ್ಲಿ, ಸಂತೆಯ ಬುಟ್ಟಿಯಲ್ಲಿ ಸಿಗುತ್ತವೆ. ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿಗಳು ಬಡವನ ತಟ್ಟೆಗೂ ಎಣ್ಣೆಕಾಳಿನ ಸತ್ವ ತರುತ್ತವೆ. ನಮ್ಮ ದೇಶದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳು ನಡೆದವು, ಭಾಷಣಗಳಾದವು. ಆದರೆ ಸಿರಿಧಾನ್ಯ ಬಹುಪಾಲು ಪಟ್ಟಣದ ಅಂಗಡಿಯ ಚೆಂದದ ಪೊಟ್ಟಣ ಸೇರಿತು. ಅದನ್ನು ಬೆಳೆದ ಮನೆಯ ತಟ್ಟೆಗೆ ಎಷ್ಟು ಬಂತು?

ಇಲ್ಲಿ ಶರಣರ ದಾರಿಯಿಂದ ಒಂದು ಮಾತು. ನಮ್ಮಲ್ಲಿ ಅನ್ನವು ಒಲೆಯಿಂದ ಇಳಿದ ಕ್ಷಣಕ್ಕೇ ಪ್ರಸಾದವಾಗುವುದಿಲ್ಲ. ಅದು ಮೊದಲು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಅರ್ಪಿಸಲು ಯೋಗ್ಯವಾಗಬೇಕಾದರೆ ಅದು ಸತ್ಯಶುದ್ಧ ಕಾಯಕದಿಂದ ಬಂದಿರಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಯನ್ನು ನೆನೆಯಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಅಂದಂದಿನ ದಾಸೋಹಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಈ ಕಥೆಯನ್ನು ನಾವು ದುರಾಸೆಗೆ ವಿರುದ್ಧದ ಕಥೆಯೆಂದು ಪ್ರವಚನಗಳಲ್ಲಿ ಹೇಳುತ್ತೇವೆ, ಸರಿ. ಆದರೆ ಇನ್ನೂ ಒಂದು ಅರ್ಥ ಅದರಲ್ಲಿದೆ. ಆ ತಾಯಿಗೆ ತನ್ನ ಮಡಕೆಗೆ ಬೀಳುವ ಪ್ರತಿ ಕಾಳು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ಯಾಕೆ ಬಂತು ಎಂಬುದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೇಡ ಎನ್ನಲು ಸಾಧ್ಯವಾಯಿತು. ಇಂದು ನಮ್ಮ ತಟ್ಟೆಗೆ ಬೀಳುವ ವಸ್ತುವಿನ ಹೆಸರನ್ನೇ ಓದಲು ಬಾರದು. ಎಲ್ಲಿ ಬೆಳೆದದ್ದು, ಯಾರು ಬೇಯಿಸಿದ್ದು, ಯಾವ ಕೂಲಿಗೆ ಬೇಯಿಸಿದ್ದು ತಿಳಿಯದು. ತಿಳಿಯದ ಪದಾರ್ಥವನ್ನು ಯಾವ ಅರಿವಿನಿಂದ ಅರ್ಪಿಸುವುದು?

ಶರಣರಲ್ಲಿ ಆಹಾರದ ಕಾಯಕಗಳೇ ಎಷ್ಟೊಂದು ಎಂದು ಎಣಿಸಿ ನೋಡಿರಿ. ಒಕ್ಕಲಿಗ ಮುದ್ದಣ್ಣ ಹೊಲ ಉತ್ತ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದಳು. ಗಾಣದ ಕಣ್ಣಪ್ಪ ಎಣ್ಣೆ ತೆಗೆದ. ಮೋಳಿಗೆ ಮಾರಯ್ಯ ಕಟ್ಟಿಗೆ ಹೊತ್ತು ತಂದ. ಮಾರಯ್ಯನ ಮನೆಯ ಅಂಬಲಿಯನ್ನು ಬಸವಣ್ಣನವರು ಜಂಗಮ ರೂಪದಲ್ಲಿ ಹೋಗಿ ಸವಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಹೋದದ್ದು ಹೋಳಿಗೆಯ ಮನೆಗಲ್ಲ, ಅಂಬಲಿಯ ಮನೆಗೆ. ಬಿತ್ತುವುದರಿಂದ ಬಡಿಸುವವರೆಗೆ ಇಡೀ ಸರಪಳಿಯನ್ನು ಕಲ್ಯಾಣವು ಕಾಯಕವೆಂದು ಗೌರವಿಸಿತ್ತು.

ಆ ಸರಪಳಿ ಇಂದು ಎಲ್ಲಿ ತುಂಡಾಗುತ್ತಿದೆ ನೋಡೋಣ. ವಿಜಯಪುರ, ಕಲಬುರಗಿ, ರಾಯಚೂರು, ಗದಗ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಹೆಚ್ಚಾಗಿ ನೀರಾವರಿ ಕೇಳದ ಬೆಳೆ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಅದು ಬದುಕುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಜನ ಜೋಳ ಉಣ್ಣುವುದು ಬಿಟ್ಟರೆ ರೈತ ಜೋಳ ಬಿತ್ತುವುದು ಬಿಡುತ್ತಾನೆ. ಜೋಳ ಹೋದರೆ ಕಣಿಕೆ ಹೋಯಿತು. ಕಣಿಕೆ ಹೋದರೆ ಎತ್ತು, ಎಮ್ಮೆ ಸಾಕುವುದು ಭಾರವಾಯಿತು. ದನ ಹೋದರೆ ಗೊಬ್ಬರ ಹೋಯಿತು. ಆಮೇಲೆ ಸಾಲ ಮಾಡಿ ಗೊಬ್ಬರದ ಚೀಲ ತಂದು, ಸಾಲ ಮಾಡಿ ಬೀಜ ತಂದು, ಮಾರುಕಟ್ಟೆಯ ಬೆಳೆ ಬಿತ್ತಿ, ಬಂದ ಹಣದಲ್ಲಿ ಮೈದಾದ ಪಾಕೀಟು ಕೊಳ್ಳುವುದು ನಮ್ಮ ಪಾಲಿಗೆ ಉಳಿಯುತ್ತದೆ. ಎಣ್ಣೆಯ ಕಥೆಯೂ ಇದೇ. ಕುಸುಬಿ, ಶೇಂಗಾ, ಎಳ್ಳು ಬೆಳೆದ ನೆಲದ ಜನ ಇಂದು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯನ್ನು ಹೆಸರು ಗೊತ್ತಿಲ್ಲದೆಯೇ ಕುರುಕಲಿನ ಒಳಗೆ ತಿನ್ನುತ್ತಿದ್ದಾರೆ. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ರೈತನ ಪರ ವೇದಿಕೆಯಲ್ಲಿ ಮಾತನಾಡಿ ಮನೆಗೆ ಬಂದು ಆತ ಬೆಳೆದದ್ದನ್ನು ಉಣ್ಣದಿದ್ದರೆ ಆ ಮಾತಿಗೆ ತೂಕವೇನು?

ಇಷ್ಟು ಹೇಳಿದ ಮೇಲೆ, ಮನೆಯಲ್ಲೇ ಅಡುಗೆ ಮಾಡಿರಿ ಎಂದು ಉಪದೇಶಿಸಿ ಮುಗಿಸುವುದು ಸುಲಭ. ಆದರೆ ಆ ಉಪದೇಶ ಯಾರ ಕಿವಿಗೆ ಬೀಳುತ್ತದೆ, ಯಾರ ಬೆನ್ನಿಗೆ ಬೀಳುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ನೋಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ನೀರು ತಂದು, ರೊಟ್ಟಿ ಬಡಿದು, ಮಕ್ಕಳನ್ನು ಕಳಿಸಿ, ಕೂಲಿಗೋ ಕಚೇರಿಗೋ ಹೋಗಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ ಕೂರುವ ತಾಯಿಗೆ ಪಾಕೀಟು ಎಂದರೆ ಸೋಮಾರಿತನವಲ್ಲ, ಅರ್ಧ ಗಂಟೆಯ ಬಿಡುವು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಅಂಕಿಗಳು ನಾಚಿಕೆ ತರುವಂತಿವೆ. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಚ್ಚುವವರೇ ನೂರಕ್ಕೆ ಇಪ್ಪತ್ತಾರು ಮಂದಿ. ಹಾಗೆ ಕೈ ಹಚ್ಚಿದವರು ಕೊಡುವುದೂ 97 ನಿಮಿಷ. ಉಳಿದ ಎಪ್ಪತ್ತನಾಲ್ಕು ಮಂದಿಯ ಪಾಲು ಸೊನ್ನೆ.

ಆದ್ದರಿಂದ ಈ ಪತ್ರಿಕೆಯ ನಿಲುವು ಸ್ಪಷ್ಟವಾಗಿರಲಿ. ಅವ್ವನ ಕೈರುಚಿ ಎಂದು ಹಾಡಿ ಹೊಗಳಿ ಅವ್ವನನ್ನು ಅಡುಗೆಮನೆಯಲ್ಲೇ ಕೂರಿಸುವುದು ಬಸವತತ್ವವಲ್ಲ. ಶರಣರು ಕಾಯಕದಲ್ಲಿ ಮೇಲುಕೀಳು ಅಳಿಸಿದರು, ಹೆಣ್ಣುಗಂಡಿನ ಭೇದ ಅಳಿಸಿದರು. ಹೆಣ್ಣಿಗೆ ಇಷ್ಟಲಿಂಗ ಕೊಟ್ಟರು, ಅನುಭವ ಮಂಟಪದಲ್ಲಿ ಮಾತು ಕೊಟ್ಟರು. ಎಂಟುನೂರು ವರ್ಷ ಕಳೆದರೂ ನಾವು ಆಕೆಗೆ ಒಲೆಯ ಮುಂದಿನ ರಜೆಯನ್ನು ಕೊಟ್ಟಿಲ್ಲ. ಉಣ್ಣುವುದು ಎಲ್ಲರ ಕೆಲಸವಾದರೆ ಬೇಯಿಸುವುದೂ ಎಲ್ಲರ ಕಾಯಕವೇ. ದಾಸೋಹದ ದಿನ ಮಠದಲ್ಲಿ ದೊಡ್ಡ ಕೊಪ್ಪರಿಗೆಯ ಮುಂದೆ ಹುಟ್ಟು ಹಿಡಿದು ನಿಲ್ಲುವವರು ಬಹುಪಾಲು ಗಂಡಸರೇ. ನೂರು ಜನರಿಗೆ ಅನ್ನ ಬೇಯಿಸಬಲ್ಲ ಕೈಗೆ ಮನೆಯ ನಾಲ್ವರಿಗೆ ಬೇಯಿಸಲು ಬಾರದು ಎಂದರೆ ನಂಬುವವರಾರು? ಮಠದಲ್ಲಿ ಸೇವೆ, ಮನೆಯಲ್ಲಿ ಹೆಂಗಸರ ಕೆಲಸ ಎಂಬ ಎರಡು ಲೆಕ್ಕ ನಮಗೆ ಸಲ್ಲದು. ಮಗನಿಗೆ ಹಿಟ್ಟು ಕಲಸಲು ಕಲಿಸದ ಮನೆಯವರು ಸೊಸೆಗೆ ಪಾಕೀಟು ತರಬೇಡ ಎಂದು ಹೇಳುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಎರಡನೆಯ ಮಾತು. ಬೇಗ ಆಗುವ ಊಟವೆಲ್ಲ ಕೆಟ್ಟದ್ದಲ್ಲ. ನಮ್ಮ ಹಿರಿಯರಿಗೂ ಅವಸರವಿತ್ತು, ದಣಿವಿತ್ತು, ದೂರದ ಪ್ರಯಾಣವಿತ್ತು. ಅದಕ್ಕೆ ಅವರು ಕಂಡುಕೊಂಡ ಉತ್ತರಗಳು ನಮ್ಮ ಮಾಡದಲ್ಲಿ ಈಗಲೂ ಇವೆ. ಬಿಸಿಲಲ್ಲಿ ಒಣಗಿಸಿಟ್ಟ ಕಡಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮೊಸರು, ಚಟ್ನಿಪುಡಿ, ಒಂದು ಹಸಿ ಉಳ್ಳಾಗಡ್ಡಿ ಇದ್ದರೆ ಊಟ ಮುಗಿಯಿತು. ಹುರಿದು ಬೀಸಿಟ್ಟ ಹಿಟ್ಟಿಗೆ ಬೆಲ್ಲ, ನೀರು ಸಾಕು. ಶ್ಯಾವಿಗೆ, ಹಪ್ಪಳ, ಸಂಡಿಗೆ ಬೇಸಿಗೆಯಲ್ಲಿ ಮಾಡಿ ವರ್ಷವಿಡೀ ಉಂಡದ್ದು. ಜೋಳದ ನುಚ್ಚು ಕುಕ್ಕರಿನಲ್ಲಿ ಬೇಯುವಷ್ಟು ಹೊತ್ತಿಗೆ ಮಜ್ಜಿಗೆ ಕಡೆದು ಒಗ್ಗರಣೆ ಹಾಕಬಹುದು. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರು, ಮಡಿಕೆ ಮೊಳಕೆಯೊಡೆದರೆ ಪಲ್ಯಕ್ಕೆ ಹತ್ತು ನಿಮಿಷ. ಇವೆಲ್ಲ ನಮ್ಮದೇ 'ಸಿದ್ಧ ಆಹಾರ'. ವ್ಯತ್ಯಾಸ ಇಷ್ಟೇ: ಇವುಗಳಲ್ಲಿ ಏನಿದೆಯೆಂದು ತಿಳಿಯಲು ಭೂತಗನ್ನಡಿ ಬೇಡ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟವೂ ಬೇಡ. ಧಾರವಾಡ, ಹುಬ್ಬಳ್ಳಿ, ಕಲಬುರಗಿ, ವಿಜಯಪುರದ ಓಣಿಗಳಲ್ಲಿ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದ ಅಕ್ಕಂದಿರು ಎಷ್ಟೋ ಮಂದಿ ಇದ್ದಾರೆ. ಸ್ತ್ರೀಶಕ್ತಿ ಸಂಘಗಳು ಚಟ್ನಿಪುಡಿ, ಶ್ಯಾವಿಗೆ, ಖಾರಪುಡಿ ಮಾಡುತ್ತಿವೆ. ಕೆಲಸಕ್ಕೆ ಹೋಗುವ ಮನೆಯವರು ಅವರಿಂದ ರೊಟ್ಟಿ ಕೊಂಡರೆ ಅದು ಕಾಯಕಕ್ಕೆ ಸಂದ ಗೌರವ. ಕೊಡುವ ಹಣ ದೂರದ ಕಂಪನಿಗೆ ಹೋಗದೆ ಪಕ್ಕದ ಓಣಿಯ ಮನೆಗೆ ಹೋಗುತ್ತದೆ. ಅಲ್ಲಿ ಚೌಕಾಶಿ ಮಾಡಬೇಡಿರಿ. ಪಾಕೀಟಿನ ಮೇಲೆ ಅಚ್ಚಾದ ಬೆಲೆಗೆ ತಲೆಬಾಗಿ, ರೊಟ್ಟಿಯ ಅಕ್ಕನ ಮುಂದೆ ಒಂದು ರೂಪಾಯಿಗೆ ವಾದಿಸುವುದು ಶರಣರ ಮಕ್ಕಳಿಗೆ ಒಪ್ಪುವ ನಡೆಯಲ್ಲ.

ಮೂರನೆಯದು ಎಚ್ಚರಿಕೆಯ ಮಾತು, ಇದನ್ನು ನಮಗೇ ಹೇಳಿಕೊಳ್ಳಬೇಕಾಗಿದೆ. ಮನೆಯ ಅಡುಗೆ, ಶುದ್ಧ ಆಹಾರ ಎಂಬ ಮಾತುಗಳು ಬಹಳ ಬೇಗ ಮಡಿಯ ವೇಷ ತೊಡುತ್ತವೆ. ಶಾಲೆಯ ಬಿಸಿಯೂಟವನ್ನು ದಲಿತ ತಾಯಿ ಬೇಯಿಸುತ್ತಾಳೆಂದು ಮಕ್ಕಳನ್ನು ಉಣ್ಣಲು ಬಿಡದ ಸುದ್ದಿಗಳು ನಮ್ಮ ನಾಡಿನಲ್ಲೇ ಮತ್ತೆ ಮತ್ತೆ ಬಂದಿವೆ. ಆ ಯೋಜನೆಗೆ ನಮ್ಮ ರಾಜ್ಯ ಇಟ್ಟ ಹೆಸರು ಅಕ್ಷರ ದಾಸೋಹ. ದಾಸೋಹವೆಂಬ ಶರಣರ ಶಬ್ದವನ್ನು ಹೊತ್ತ ತಟ್ಟೆಯನ್ನು ಜಾತಿಯ ಕಾರಣಕ್ಕೆ ದೂಡಿದವರ ಹಣೆಯಲ್ಲಿ ವಿಭೂತಿ ಇದ್ದರೇನು, ಕೊರಳಲ್ಲಿ ಲಿಂಗವಿದ್ದರೇನು? ಶುದ್ಧ ಎಂದರೆ ಕಲಬೆರಕೆಯಿಲ್ಲದ್ದು, ಮೋಸವಿಲ್ಲದ್ದು, ಶೋಷಣೆಯಿಲ್ಲದ್ದು. ಬೇಯಿಸಿದ ಕೈಯ ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ನಮ್ಮ ರೊಟ್ಟಿಯ ಹೆಮ್ಮೆ ಇನ್ನೊಬ್ಬರ ತಟ್ಟೆಯನ್ನು ಹೀಯಾಳಿಸುವ ಸಾಧನವಾಗಬಾರದು. ಸ್ಥಳೀಯ ಆಹಾರ ಎಂದರೆ ಈ ನೆಲದಲ್ಲಿ ದುಡಿಯುವ ಎಲ್ಲರ ಆಹಾರ.

ಬಡವರ ವಿಷಯದಲ್ಲಿ ಇನ್ನೂ ಮೆತ್ತಗೆ ಮಾತನಾಡಬೇಕು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಗ್ಯಾಸ್ ತೀರಿದ ದಿನ ಮಗುವಿಗೆ ಐದು ರೂಪಾಯಿಯ ಬಿಸ್ಕತ್ತು ಕೊಡುವ ತಾಯಿಗೆ ನಾವು ಪಾಠ ಹೇಳುವಂತಿಲ್ಲ. ಪಾಠ ಹೇಳಬೇಕಾದದ್ದು ಆಯ್ಕೆ ಇದ್ದೂ ಮೈಮರೆತವರಿಗೆ, ಮತ್ತು ವ್ಯವಸ್ಥೆಗೆ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಕೊಡುವ ಪ್ರಯತ್ನ ಸರ್ಕಾರದಿಂದ ನಡೆದಿದೆ. ಅದು ಖರೀದಿ ಆದ ವರ್ಷಕ್ಕಷ್ಟೇ ನಿಲ್ಲದೆ ಪ್ರತಿ ತಿಂಗಳೂ, ಹುಳು ಹಿಡಿಯದ ಕಾಳಾಗಿ, ಸಿಗುವಂತಾಗಬೇಕು. ಬೆಂಬಲ ಬೆಲೆಯಲ್ಲಿ ರೈತನಿಂದ ಕೊಂಡ ಜೋಳ ಅದೇ ತಾಲ್ಲೂಕಿನ ಅಂಗನವಾಡಿ, ಶಾಲೆ, ವಸತಿನಿಲಯಗಳಿಗೆ ಹೋಗಬೇಕು. ಇದನ್ನು ಕೇಳುವ ದನಿ ಮಠಗಳಿಗಿದೆ. ಸ್ವಾಮಿಗಳ ಮಾತಿಗೆ ಶಾಸಕರು, ಮಂತ್ರಿಗಳು ಕಿವಿಗೊಡುತ್ತಾರೆ. ಆ ಮಾತನ್ನು ನಿಗಮ, ಮಂಡಳಿಗಳ ಸ್ಥಾನಗಳಿಗಾಗಿ ಬಳಸುವ ಬದಲು ಮಕ್ಕಳ ತಟ್ಟೆಗಾಗಿ ಬಳಸಿದರೆ ಸಮಾಜ ನೆನೆಯುತ್ತದೆ.

ಬೇರೆಯವರಿಗೆ ಹೇಳುವ ಮೊದಲು ನಮ್ಮ ಮಠಗಳ ಕೋಣೆಯನ್ನೇ ಇಣುಕಿ ನೋಡೋಣ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರು ಹಳ್ಳಿಹಳ್ಳಿ ತಿರುಗಿ ಭಕ್ತರಿಂದ ಧಾನ್ಯ ತಂದು ಸಾವಿರಾರು ಮಕ್ಕಳನ್ನು ಸಾಕಿದರು. ಎಲ್ಲ ಜಾತಿಯ ಮಕ್ಕಳು ಅಲ್ಲಿ ಮುದ್ದೆ ಉಂಡು ಅಕ್ಷರ ಕಲಿತರು. ರೈತ ಬೆಳೆದದ್ದು ನೇರವಾಗಿ ವಿದ್ಯಾರ್ಥಿಯ ತಟ್ಟೆಗೆ ಬಂದ ಆ ಕ್ರಮವೇ ನಮ್ಮ ದಾಸೋಹದ ಜೀವ. ಅದೇ ಜೀವ ನಮ್ಮ ಎಲ್ಲ ಪ್ರಸಾದ ನಿಲಯಗಳಲ್ಲೂ ಮಿಡಿಯುತ್ತಿದೆಯೇ? ಸಮಾರಂಭಗಳಲ್ಲಿ ತಂಪು ಪಾನೀಯದ ಬಾಟಲಿ, ಪ್ಲಾಸ್ಟಿಕ್ ಲೋಟ, ಅಂಗಡಿಯ ಮಸಾಲೆ, ಬಣ್ಣ ಹಾಕಿದ ಸಿಹಿ, ಕೊನೆಗೆ ಗುಡ್ಡದಂತೆ ಚೆಲ್ಲಿದ ಅನ್ನ ಕಾಣುತ್ತಿಲ್ಲವೇ? ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರ ಹೆಸರು ಹೇಳಿ, ಅನ್ನವನ್ನು ತಿಪ್ಪೆಗೆ ಚೆಲ್ಲುವುದು ಯಾವ ನ್ಯಾಯ?

ಆದ್ದರಿಂದ ಮಠಾಧೀಶರ, ಟ್ರಸ್ಟುಗಳ, ಬಸವ ಸಮಿತಿಗಳ, ಅಕ್ಕನ ಬಳಗಗಳ ಮುಂದೆ ಈ ಕೆಲವು ವಿನಂತಿಗಳನ್ನು ಇಡುತ್ತಿದ್ದೇವೆ.

ಒಂದು, ಪ್ರತಿ ಪ್ರಸಾದ ನಿಲಯವೂ ವಾರದಲ್ಲಿ ಕನಿಷ್ಠ ನಾಲ್ಕು ದಿನ ಆ ಸೀಮೆಯ ಮುಖ್ಯ ಧಾನ್ಯವನ್ನು ಉಣಬಡಿಸಲಿ. ಬಯಲುಸೀಮೆಯ ಉತ್ತರದಲ್ಲಿ ಜೋಳ, ಸಜ್ಜೆ. ದಕ್ಷಿಣದಲ್ಲಿ ರಾಗಿ. ಮಲೆನಾಡಿನಲ್ಲಿ ಪಾಲಿಶ್ ಕಡಿಮೆ ಮಾಡಿದ ಅಕ್ಕಿ. ಎರಡು, ಅದನ್ನು ಸುಗ್ಗಿಯಲ್ಲೇ ಸುತ್ತಲಿನ ಸಣ್ಣ ರೈತರಿಂದ ನ್ಯಾಯವಾದ ಬೆಲೆಗೆ, ನಗದಾಗಿ ಕೊಳ್ಳಲಿ. ಭಕ್ತರಿಂದ ಕಾಣಿಕೆಯಾಗಿ ಬಂದ ಧಾನ್ಯ ಬೇರೆ, ಬೆಲೆ ಕೊಟ್ಟು ಕೊಳ್ಳುವುದು ಬೇರೆ. ಮೂರು, ನಿಲಯದ ಗಂಡುಮಕ್ಕಳಿಗೆ ಅಡುಗೆ ಕಲಿಸುವುದು ಪಾಠದ ಭಾಗವಾಗಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವ ಹುಡುಗ ಅನ್ನ, ಬೇಳೆ, ಒಂದು ಪಲ್ಯ, ರೊಟ್ಟಿಯನ್ನೋ ಮುದ್ದೆಯನ್ನೋ ತಾನೇ ಮಾಡುವಂತಾಗಿರಲಿ. ನಾಳೆ ಬೆಂಗಳೂರಿನ ಕೋಣೆಯಲ್ಲಿ ಅವನನ್ನು ಕಾಯುವುದು ಆ ವಿದ್ಯೆಯೇ. ನಾಲ್ಕು, ಶ್ರಾವಣದ ಪ್ರವಚನಗಳಲ್ಲಿ ಒಂದು ಸಂಜೆಯನ್ನು ಪಾಕೀಟಿನ ಬೆನ್ನು ಓದುವುದಕ್ಕೆ ಮೀಸಲಿಡಲಿ. ಊರಿನ ವೈದ್ಯರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕರೆದು ಮಾತನಾಡಿಸಲಿ. ಐದು, ಬಸವ ಜಯಂತಿಯ ದಾಸೋಹದಲ್ಲಿ ಬೇಯಿಸುವವರ ಸಾಲಿನಲ್ಲೂ ಬಡಿಸುವವರ ಸಾಲಿನಲ್ಲೂ ಎಲ್ಲ ಸಮುದಾಯದವರು, ಗಂಡಸರು ಹೆಂಗಸರು ಸಮನಾಗಿ ಇರಲಿ. ಉಣ್ಣುವಾಗಿನ ಸಮಾನತೆ ಸುಲಭ. ಬೇಯಿಸುವಾಗಿನ ಸಮಾನತೆ ನಿಜವಾದ ಒರೆಗಲ್ಲು. ಆರು, ಮಠದ ಆವರಣದಲ್ಲಿ ಸ್ತ್ರೀಶಕ್ತಿ ಸಂಘಗಳ ರೊಟ್ಟಿ, ಚಟ್ನಿಪುಡಿ ಮಾರಾಟಕ್ಕೆ ಬಾಡಿಗೆಯಿಲ್ಲದ ಒಂದು ಕಟ್ಟೆ ಕೊಡಲಿ.

ಓದುಗ ಬಂಧುಗಳಿಗೂ ಒಂದು ವಿನಂತಿ. ಇಡೀ ಬದುಕನ್ನು ಒಂದೇ ದಿನ ಬದಲಿಸಬೇಕಾಗಿಲ್ಲ. ಈ ತಿಂಗಳು ವಾರಕ್ಕೆ ಒಂದು ದಿನ, ಸೋಮವಾರವಾದರೂ ಆಗಲಿ, ಮನೆಯೊಳಗೆ ಪಾಕೀಟು ಬಾರದಿರಲಿ. ಆ ದಿನದ ಅಡುಗೆಯನ್ನು ಮನೆಯ ಗಂಡಸರು ಮಾಡಲಿ. ರೊಟ್ಟಿ ದುಂಡಗೆ ಬಾರದಿದ್ದರೂ ಚಿಂತೆಯಿಲ್ಲ, ನುಚ್ಚು ಗಂಟುಕಟ್ಟಿದರೂ ಚಿಂತೆಯಿಲ್ಲ. ಮಕ್ಕಳು ಸೊಪ್ಪು ಸೋಸಲಿ, ಕಾಳು ಹಸನು ಮಾಡಲಿ. ಊಟಕ್ಕೆ ಕೂರುವ ಮೊದಲು, ಲಿಂಗಕ್ಕೆ ಅರ್ಪಿಸುವ ಹೊತ್ತಿನಲ್ಲಿ, ತಟ್ಟೆಯಲ್ಲಿರುವ ಪ್ರತಿ ಪದಾರ್ಥವನ್ನು ಬೆಳೆದವರು ಯಾರು, ಬೀಸಿದವರು ಯಾರು, ಬೇಯಿಸಿದವರು ಯಾರು ಎಂದು ಮನಸ್ಸಿನಲ್ಲಿ ಒಮ್ಮೆ ನೆನೆಯಿರಿ. ಆ ಹೆಸರುಗಳು ನಿಮಗೆ ಗೊತ್ತಿದ್ದರೆ ಆ ಊಟ ಅರ್ಪಣೆಗೆ ಯೋಗ್ಯವಾಯಿತು. ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳುವ ಪ್ರಯತ್ನ ಅಂದಿನಿಂದ ಶುರುವಾಗಲಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ 'ಬಲ್ಲ' ಎಂಬ ಶಬ್ದಕ್ಕೇ ತೂಕ ಹೆಚ್ಚು. ಎಷ್ಟು ತಿನ್ನಬೇಕೆಂದು ಬಲ್ಲುದು ಒಂದು. ಏನನ್ನು ತಿನ್ನುತ್ತಿದ್ದೇವೆ, ಅದರ ಹಿಂದೆ ಯಾರ ಬೆವರಿದೆ ಎಂದು ಬಲ್ಲುದು ಇನ್ನೊಂದು. ಅರಿವನ್ನೇ ಗುರುವೆಂದು ನಂಬಿದ ನಮ್ಮ ಮನೆಗಳಲ್ಲಿ ಆ ಅರಿವು ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲಬಾರದು. ಒಳಗೆ ಬರಲಿ, ತೋಳು ಮಡಚಲಿ, ಒಲೆ ಹಚ್ಚಲಿ.